ಶಾಸಕನ ಪ್ರಶ್ನೆಯೂ ಉತ್ತರ ಐರ್ಲೆಂಡಿನ ಅನುಭವವೂ

ಶಾಸನಸಭೆಯೆಂದರೆ ಕಾನೂನು ಮಾಡುವ ಸಭೆಯೆಂದು ನಾವೆಲ್ಲರೂ ಪರೀಕ್ಷೆಯಲ್ಲಿ ಬರೆದು ಅಂಕಗಳನ್ನು ಪಡೆದಿದ್ದೇವೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಮಾಡಿದ ಕಾನೂನನ್ನು ಹೇಗೆ ನಡೆಸುತ್ತಿದ್ದೀರಿ, ಕೊಟ್ಟ ಹಣವನ್ನು ಎಲ್ಲಿ ಖರ್ಚು ಮಾಡಿದಿರಿ, ಇಂಥ ಊರಿಗೆ ಏಕೆ ಕೊಟ್ಟಿರಿ, ಇಂಥ ಊರಿಗೆ ಏಕೆ ಕೊಡಲಿಲ್ಲ ಎಂದು ಮಂತ್ರಿಗಳನ್ನು ಎದ್ದುನಿಲ್ಲಿಸಿ ಕೇಳುವುದೂ ಅದೇ ಸಭೆಯ ಕೆಲಸ. ಮಸೂದೆಯು ಮತಕ್ಕೆ ಬಂದಾಗ ಗೆಲ್ಲುವುದು ಬಹುಮತ. ಪ್ರಶ್ನೆಯನ್ನಾದರೋ ಒಬ್ಬನೇ ಸದಸ್ಯನು, ತನ್ನ ಹಿಂದೆ ಒಂದು ಮತವೂ ಇಲ್ಲದಿರುವಾಗಲೂ, ಕೇಳಬಹುದು. ಅಲ್ಪಸಂಖ್ಯಾತರ ಕೈಯಲ್ಲಿ ಸಭೆಯು ಬಿಟ್ಟಿರುವ ಆಯುಧವೆಂದರೆ ಇದೇ.

ನಮ್ಮ ದೇಶಕ್ಕೆ ಈ ಹಕ್ಕು ಒಮ್ಮೆಲೇ ಬಂದುದಲ್ಲ. 1892ರ ಇಂಡಿಯನ್ ಕೌನ್ಸಿಲ್ಸ್ ಕಾಯಿದೆಯು ಸದಸ್ಯರಿಗೆ ಪ್ರಶ್ನೆ ಕೇಳಲು ಅವಕಾಶ ಕೊಟ್ಟಿತು, ಆದರೆ ಉಪಪ್ರಶ್ನೆಗೆ ಎಡೆಯಿರಲಿಲ್ಲ. ಮಂತ್ರಿಯಲ್ಲದ ಅಧಿಕಾರಿಯೊಬ್ಬನು ಓದಿದ ಉತ್ತರವನ್ನು ಕೇಳಿ ಕುಳಿತುಕೊಳ್ಳಬೇಕಿತ್ತು. 1909ರಲ್ಲಿ ಪ್ರಶ್ನೆ ಕೇಳಿದವನು ಮಾತ್ರ ಉಪಪ್ರಶ್ನೆ ಹಾಕಬಹುದೆಂದಾಯಿತು. 1919ರ ಸುಧಾರಣೆಯ ಬಳಿಕ ಬೇರೆ ಸದಸ್ಯರೂ ಹಾಕಬಹುದೆಂದಾಯಿತು. ಇಂದು ನಮ್ಮ ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಎಂಬ ಭೇದಗಳನ್ನು ಕಾಣುತ್ತೇವೆ. ಬರೆದುಕೊಟ್ಟ ಪ್ರಶ್ನೆಗೆ ಇಲಾಖೆಯವರು ಬರೆದುಕೊಟ್ಟ ಉತ್ತರ ಬರುತ್ತದೆ. ಮಂತ್ರಿಯ ತಿಳಿವಳಿಕೆ ಎಷ್ಟೆಂಬುದು ಹೊರಬೀಳುವುದು ಉಪಪ್ರಶ್ನೆಯಲ್ಲಿ.

ಇಷ್ಟು ಪೀಠಿಕೆ. ನಾನು ಬರೆಯಹೊರಟಿರುವುದು ಒಂದು ಚಿಕ್ಕ ನಾಡಿನ ಶಾಸನಸಭೆಯಲ್ಲಿ ಪ್ರಶ್ನೆಯ ಹಕ್ಕು ಕಾಗದದ ಮೇಲೆ ಪೂರ್ಣವಾಗಿದ್ದೂ ನಡೆಯಲ್ಲಿ ಬರಿದಾದ ಬಗೆಯನ್ನು ಕುರಿತು. ಆ ನಾಡು ಉತ್ತರ ಐರ್ಲೆಂಡು. ಹೆಸರಿನಲ್ಲಿಯೇ ‘ಉತ್ತರ’ವನ್ನು ಹೊತ್ತ ನಾಡಿನಲ್ಲಿ ಉತ್ತರಕ್ಕೆ ಬರಗಾಲ ಬಂದಿತೆಂಬುದು ಕನ್ನಡ ಬಲ್ಲವರಿಗೆ ಮಾತ್ರ ಸಿಕ್ಕುವ ಹಾಸ್ಯ, ಅಲ್ಲಿದ್ದವರಿಗೆ ಅದು ಹಾಸ್ಯವಾಗಿರಲಿಲ್ಲ.

ಮೊದಲು ಆ ಸರ್ಕಾರದ ಜಾತಿಯನ್ನು ತಿಳಿಯಬೇಕು. ಅದು ನಮ್ಮ ರಾಜ್ಯಸರ್ಕಾರದಂಥದಲ್ಲ. ಕರ್ನಾಟಕಕ್ಕೆ ಅಧಿಕಾರ ಬಂದಿರುವುದು ಸಂವಿಧಾನದಿಂದ. ಏಳನೆಯ ಅನುಸೂಚಿಯ ರಾಜ್ಯಪಟ್ಟಿಯನ್ನು ಲೋಕಸಭೆಯು ತನ್ನ ಇಷ್ಟದಂತೆ ಒಂದು ಸಾಧಾರಣ ಕಾಯಿದೆಯಿಂದ ಹರಿದು ಹಾಕಲಾರದು. ಬ್ರಿಟನ್ನಿನಲ್ಲಿ ಹಾಗಿಲ್ಲ. ಅಲ್ಲಿ ಲಂಡನ್ನಿನ ಪಾರ್ಲಿಮೆಂಟೇ ಸರ್ವಾಧಿಕಾರಿ. ತನ್ನ ಅಧಿಕಾರದಲ್ಲಿ ಒಂದು ಪಾಲನ್ನು ಅದು ಒಂದು ಕಾಯಿದೆಯ ಮೂಲಕ ಒಂದು ಪ್ರಾಂತದ ಸಭೆಗೆ ಕೊಡುತ್ತದೆ. ಕೊಟ್ಟದ್ದನ್ನು ಇನ್ನೊಂದು ಕಾಯಿದೆಯ ಮೂಲಕ ಹಿಂದಕ್ಕೆ ತೆಗೆದುಕೊಳ್ಳಲೂ ಬಲ್ಲುದು. ಇಂಥದನ್ನು ಪ್ರದತ್ತಾಧಿಕಾರದ ಸರ್ಕಾರವೆಂದು ಕರೆಯೋಣ. 1920ರ ಐರ್ಲೆಂಡ್ ಸರ್ಕಾರ ಕಾಯಿದೆಯು ಐರ್ಲೆಂಡಿನ ಈಶಾನ್ಯದ ಆರು ಜಿಲ್ಲೆಗಳಿಗೆ ಇಂಥ ಸರ್ಕಾರವನ್ನು ಕೊಟ್ಟಿತು. ಸೈನ್ಯ, ವಿದೇಶವ್ಯವಹಾರ, ನಾಣ್ಯ ಮುಂತಾದುವು ಲಂಡನ್ನಿನಲ್ಲಿ ಉಳಿದುವು; ಪೊಲೀಸು, ವಿದ್ಯಾಭ್ಯಾಸ, ವಸತಿ, ಸ್ಥಳೀಯ ಸಂಸ್ಥೆಗಳು, ವ್ಯವಸಾಯ ಬೆಲ್‌ಫಾಸ್ಟಿಗೆ ಹೋದುವು. ಅದಕ್ಕೆ ಹಿಂದಿನ ವರ್ಷವೇ, 1919ರಲ್ಲಿ, ನಮ್ಮ ಪ್ರಾಂತಗಳಲ್ಲಿ ‘ವರ್ಗಾಯಿತ’ ಮತ್ತು ‘ಕಾದಿರಿಸಿದ’ ವಿಷಯಗಳೆಂಬ ವಿಭಾಗ ಮಾಡಿದವರೂ ಅದೇ ಪಾರ್ಲಿಮೆಂಟಿನವರೆಂಬುದನ್ನು ನೆನೆದರೆ ಅವರ ಬುದ್ಧಿಯು ಒಂದೇ ಅಚ್ಚಿನಲ್ಲಿ ಕೆಲಸ ಮಾಡುತ್ತಿತ್ತೆಂದು ತೋರುತ್ತದೆ.

1921ರ ಜೂನ್ 22ರಂದು ದೊರೆ ಐದನೆಯ ಜಾರ್ಜನು ಬೆಲ್‌ಫಾಸ್ಟಿನ ಪುರಭವನದಲ್ಲಿ ಆ ಸಭೆಯನ್ನು ತೆರೆದನು. ಕೆಳಮನೆಗೆ 52 ಸದಸ್ಯರು. 1932ರಲ್ಲಿ ನಗರದ ಅಂಚಿನ ಸ್ಟಾರ್ಮಂಟ್ ಎಂಬಲ್ಲಿ ಭವ್ಯವಾದ ಸೌಧ ಎದ್ದಿತು. ಅಂದಿನಿಂದ ಸ್ಟಾರ್ಮಂಟ್ ಎಂದರೆ ಆ ಸರ್ಕಾರವೆಂದೇ ಅರ್ಥ. ಸಭಾಧ್ಯಕ್ಷ, ಪ್ರಶ್ನೆಯ ವೇಳೆ, ಮಂತ್ರಿಗಳ ಸಾಲು, ವಿರೋಧಿಗಳ ಸಾಲು ಎಲ್ಲವೂ ಲಂಡನ್ನಿನ ಪಡಿಯಚ್ಚು. ಒಂದು ಮಾತ್ರ ಲಂಡನ್ನಿನಿಂದ ಬರಲಿಲ್ಲ: ಸರ್ಕಾರ ಬದಲಾಗುವ ಅಭ್ಯಾಸ. ಜನಸಂಖ್ಯೆಯ ಸುಮಾರು ಮೂರರಲ್ಲಿ ಎರಡು ಪಾಲು ಪ್ರಾಟೆಸ್ಟೆಂಟರು; ಅವರಲ್ಲಿ ಬಹುತೇಕರು ಬ್ರಿಟನ್ನಿನೊಡನೆ ಇರಬೇಕೆಂಬ ಯೂನಿಯನಿಸ್ಟ್ ಪಕ್ಷದವರು. ಉಳಿದ ಒಂದು ಪಾಲು ಕ್ಯಾಥೊಲಿಕರು. ಅವರಲ್ಲಿ ಬಹುಮಂದಿ ಅಖಂಡ ಐರ್ಲೆಂಡನ್ನು ಬಯಸುವ ರಾಷ್ಟ್ರೀಯವಾದಿಗಳು. ಮೊದಲನೆಯ ಚುನಾವಣೆಯಲ್ಲಿ ಯೂನಿಯನಿಸ್ಟರಿಗೆ 40 ಸ್ಥಾನಗಳು ಬಂದುವು. 1925ರಲ್ಲಿ 32ಕ್ಕೆ ಇಳಿದುವು. ಅದಕ್ಕಿಂತ ಕೆಳಕ್ಕೆ ಎಂದೂ ಇಳಿಯಲಿಲ್ಲ. ಪ್ರಮಾಣಾನುಗುಣ ಪ್ರಾತಿನಿಧ್ಯವನ್ನು 1922ರಲ್ಲಿ ಸ್ಥಳೀಯ ಚುನಾವಣೆಗಳಿಂದಲೂ 1929ರಲ್ಲಿ ಸಭೆಯ ಚುನಾವಣೆಯಿಂದಲೂ ತೆಗೆದುಹಾಕಿದರು. 1921ರಿಂದ 1972ರ ವರೆಗೆ, ಐವತ್ತು ವರ್ಷಗಳ ಮೇಲೆ, ಒಂದೇ ಪಕ್ಷ ಆಳಿತು. ವಿರೋಧಿಗಳಾದ ರಾಷ್ಟ್ರೀಯವಾದಿಗಳು ತಂದ ಮಸೂದೆಗಳಲ್ಲಿ ಕಾನೂನಾದದ್ದು 1931ರ ಕಾಡುಹಕ್ಕಿಗಳ ರಕ್ಷಣೆಯ ಕಾಯಿದೆಯೊಂದೇ ಎಂದು ಆ ನಾಡಿನ ಚರಿತ್ರೆಕಾರರು ಮರೆಯದೆ ಹೇಳುತ್ತಾರೆ. ಹಕ್ಕಿಗಳಾದರೂ ಬದುಕಿದುವು.

ವಿರೋಧಿಗಳದೂ ತಪ್ಪಿಲ್ಲದಿರಲಿಲ್ಲ. ಆ ಸಭೆಯನ್ನೇ ಒಪ್ಪುವುದಿಲ್ಲವೆಂದು ಅವರು ಮೊದಲ ವರ್ಷಗಳಲ್ಲಿ ಒಳಕ್ಕೆ ಕಾಲಿಡಲಿಲ್ಲ. ಬಂದ ಮೇಲೂ ಆಗಾಗ್ಗೆ ಹೊರನಡೆದರು. ಅಧಿಕೃತ ವಿರೋಧಪಕ್ಷವೆನ್ನಿಸಿಕೊಳ್ಳಲು ಅವರು ಒಪ್ಪಿದ್ದು 1965ರಲ್ಲಿ. ಸಭೆಯನ್ನು ಒಪ್ಪದವನು ಆ ಸಭೆಯ ಮಂತ್ರಿಯನ್ನು ಯಾವ ಬಾಯಿಂದ ಪ್ರಶ್ನಿಸಬೇಕು? ಈ ತೊಡಕನ್ನು ಅವರು ನಲವತ್ತು ವರ್ಷ ಬಿಡಿಸಿಕೊಳ್ಳಲಿಲ್ಲ.

ಇನ್ನು ಲಂಡನ್ನಿನ ಕಡೆ ನೋಡೋಣ. 1920ರ ಕಾಯಿದೆಯ 75ನೆಯ ವಿಧಿಯು ಲಂಡನ್ ಪಾರ್ಲಿಮೆಂಟಿನ ಪರಮಾಧಿಕಾರವು ಕುಂದದೆ ಉಳಿದಿದೆಯೆಂದು ಸ್ಪಷ್ಟವಾಗಿ ಹೇಳಿತ್ತು. ಉತ್ತರ ಐರ್ಲೆಂಡಿನಿಂದ ಸದಸ್ಯರೂ ಅಲ್ಲಿಗೆ ಹೋಗುತ್ತಿದ್ದರು. ಹಾಗಿದ್ದಮೇಲೆ ಅವರು ಅಲ್ಲಿ ಕೇಳಬಹುದಾಗಿತ್ತಲ್ಲವೆ? ಅದಕ್ಕೆ 1923ರಲ್ಲಿಯೇ ಬೀಗ ಬಿದ್ದಿತು. ಬೆಲ್‌ಫಾಸ್ಟಿಗೆ ಒಪ್ಪಿಸಿದ ವಿಷಯಗಳ ಬಗ್ಗೆ ಪ್ರಶ್ನೆಗಳನ್ನು ಬೆಲ್‌ಫಾಸ್ಟಿನ ಮಂತ್ರಿಗಳಿಗೇ ಹಾಕಬೇಕು, ಇಲ್ಲಿ ಹಾಕಕೂಡದು ಎಂದು ಲಂಡನ್ನಿನ ಸಭಾಧ್ಯಕ್ಷರು ತೀರ್ಪಿತ್ತರು. ತರ್ಕದಿಂದ ನೋಡಿದರೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಉತ್ತರಿಸುವ ಹೊಣೆಯಿಲ್ಲದ ಮಂತ್ರಿಯನ್ನು ಕೇಳಿ ಏನು ಫಲ? ಒಂದೇ ವಿಷಯಕ್ಕೆ ಎರಡು ಸಭೆಗಳಲ್ಲಿ ಉತ್ತರ ಹೇಳಬೇಕಾದರೆ ಪ್ರದತ್ತಾಧಿಕಾರಕ್ಕೆ ಅರ್ಥವೇನು ಉಳಿಯಿತು? ಆದರೆ ಈ ತೀರ್ಪು ಒಂದನ್ನು ಮುಂದಾಗಿ ನಂಬಿಕೊಂಡಿತ್ತು, ಬೆಲ್‌ಫಾಸ್ಟಿನಲ್ಲಿ ಕೇಳಿದರೆ ಉತ್ತರ ಬರುತ್ತದೆಂದು. ಲಂಡನ್ನಿನ ಗೃಹಖಾತೆಯಲ್ಲಿ ಉತ್ತರ ಐರ್ಲೆಂಡಿನ ಕಡತಗಳನ್ನು ನೋಡುತ್ತಿದ್ದುದು ಸಾಮಾನ್ಯ ಇಲಾಖೆಯೆಂಬ ಒಂದು ವಿಭಾಗ. ಲಂಡನ್ನಿನ ಬಾಡಿಗೆ ಟ್ಯಾಕ್ಸಿಗಳು, ಮದ್ಯದಂಗಡಿಯ ಪರವಾನಗಿ, ಬೇಸಗೆಯಲ್ಲಿ ಗಡಿಯಾರ ಮುಂದಿಡುವ ವಿಷಯ, ಇವೂ ಅದೇ ಮೇಜಿನ ಮೇಲಿದ್ದುವು.

ಈಗ ವಸತಿಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಎಲ್ಲವೂ ಮುರಿದದ್ದು ಅಲ್ಲಿಯೇ. ಉತ್ತರ ಐರ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲಿನ ಚುನಾವಣೆಗೆ ಮತದಾನದ ಹಕ್ಕು ಇದ್ದುದು ಮನೆಗಂದಾಯ ತೆರುವ ಮನೆಯೊಡೆಯನಿಗೆ ಅಥವಾ ಬಾಡಿಗೆದಾರನಿಗೆ, ಮತ್ತು ಅವನ ಹೆಂಡತಿಗೆ. ತಂದೆಯ ಮನೆಯಲ್ಲಿರುವ ಬೆಳೆದ ಮಗನಿಗೆ ಮತವಿಲ್ಲ. ಒಂದು ಕೋಣೆ ಹಿಡಿದು ಸಂಸಾರ ಹೂಡಿದವನಿಗೆ ಮತವಿಲ್ಲ. ಬ್ರಿಟನ್ನಿನಲ್ಲಿ ಈ ನಿಯಮವನ್ನು 1945ರಲ್ಲೇ ಬಿಟ್ಟಿದ್ದರು, ಇಲ್ಲಿ ಬಿಡಲಿಲ್ಲ. ಅದರ ಮೇಲೆ ಕಂಪನಿಗಳಿಗೆ ಬೇರೆ ಹೆಚ್ಚಿನ ಮತಗಳು. ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಹಂಚುವುದು ಯಾರು? ಅದೇ ಕೌನ್ಸಿಲು. ಆದ್ದರಿಂದ ಒಬ್ಬನಿಗೆ ಮನೆ ಕೊಟ್ಟರೆ ಒಂದು ಸೂರನ್ನಷ್ಟೇ ಕೊಟ್ಟಂತಲ್ಲ, ಎರಡು ಮತಗಳನ್ನು ಕೊಟ್ಟಂತೆ. ಯಾವ ಬೀದಿಯಲ್ಲಿ, ಯಾವ ವಾರ್ಡಿನಲ್ಲಿ, ಯಾವ ಮತದವನಿಗೆ ಮನೆ ಕೊಡಬೇಕೆಂಬುದು ಮುಂದಿನ ಚುನಾವಣೆಯ ಲೆಕ್ಕವಾಯಿತು. ಡೆರಿ ಪಟ್ಟಣದಲ್ಲಿ ಕ್ಯಾಥೊಲಿಕರೇ ಹೆಚ್ಚು. ಆದರೂ ವಾರ್ಡುಗಳ ಗೆರೆಗಳನ್ನು ಎಳೆದ ಜಾಣತನದಿಂದ ಪುರಸಭೆಯಲ್ಲಿ ಯೂನಿಯನಿಸ್ಟರು 12, ಇತರರು 8. ಧರ್ಮಭೇದ ಮಾಡುವ ಕಾನೂನನ್ನು ಸ್ಟಾರ್ಮಂಟ್ ಮಾಡಕೂಡದೆಂದು 1920ರ ಕಾಯಿದೆಯ 5ನೆಯ ವಿಧಿ ನಿಷೇಧಿಸಿತ್ತು. ಆದರೆ ಮನೆಯ ಹಂಚಿಕೆ ಕಾನೂನಲ್ಲವಲ್ಲ! ಅದು ಕೌನ್ಸಿಲಿನ ಕೋಣೆಯಲ್ಲಿ ಆಗುವ ತೀರ್ಮಾನ.

ಪಟ್ಟಿಯೆಂಬುದು ಎಷ್ಟು ದೊಡ್ಡ ವಸ್ತುವೆಂದು ಹಳ್ಳಿಯಿಂದ ಬಂದವರಿಗೆ ವಿವರಿಸಬೇಕಾಗಿಲ್ಲ. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯನ್ನು ಓದುವ ದಿನ, ವರ್ಷವಿಡೀ ಗ್ರಾಮಸಭೆಯ ಕಡೆ ತಲೆಹಾಕದವರೂ ನಮ್ಮೂರಿನಲ್ಲಿ ಬಂದು ಕೂಡುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದುದರಿಂದ, ಗೋಡೆಗೆ ಅಂಟಿಸಿದ ಆ ಹಾಳೆಯನ್ನು ಕೇರಿಯ ಹಿರಿಯರಿಗೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. “ನಮ್ಮದ್ಯಾಕಿಲ್ಲ, ನೋಡಪ್ಪ ಇನ್ನೊಂದ್ಸಲ” ಎನ್ನುವವರಿಗೆ ಎದ್ದು ಕೇಳಲು ಒಂದು ಸಭೆಯಾದರೂ ಇದೆ. 1993ರ ನಮ್ಮ ಪಂಚಾಯಿತಿ ಕಾಯಿದೆ ಗ್ರಾಮಸಭೆಗೆ ಆ ಸ್ಥಾನ ಕೊಟ್ಟಿದೆ. ಕೇಳಿದ್ದಕ್ಕೆಲ್ಲಾ ಉತ್ತರ ಬರುತ್ತದೆಯೆ ಎಂಬುದು ಬೇರೆ ಮಾತು.

ಟೈರೋನ್ ಜಿಲ್ಲೆಯ ಕ್ಯಾಲೆಡನ್ ಒಂದು ಚಿಕ್ಕ ಹಳ್ಳಿ. ಅಲ್ಲಿ ಡಂಗಾನನ್ ಗ್ರಾಮಾಂತರ ಕೌನ್ಸಿಲು ಹೊಸದಾಗಿ ಕೆಲವು ಮನೆಗಳನ್ನು ಕಟ್ಟಿಸಿತು. ಮನೆಯಿಲ್ಲದ ಕ್ಯಾಥೊಲಿಕ್ ಸಂಸಾರಗಳು ಪಟ್ಟಿಯಲ್ಲಿ ಕಾಯುತ್ತಿರುವಾಗ, ಒಂದು ಮನೆಯನ್ನು 19 ವರ್ಷದ ಅವಿವಾಹಿತ ಪ್ರಾಟೆಸ್ಟೆಂಟ್ ಯುವತಿಗೆ ಕೊಟ್ಟರು. ಆಕೆ ಯೂನಿಯನಿಸ್ಟ್ ರಾಜಕಾರಣದಲ್ಲಿದ್ದ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸದಲ್ಲಿದ್ದಳು. ಅದೇ ಬಡಾವಣೆಯಲ್ಲಿ ಬೀಗ ಮುರಿದು ಸೇರಿಕೊಂಡಿದ್ದ ಒಂದು ಕ್ಯಾಥೊಲಿಕ್ ಸಂಸಾರವನ್ನು, ಮಕ್ಕಳ ಸಮೇತ, 1968ರ ಜೂನ್ 18ರಂದು ಹೊರಹಾಕಿದರು.

ಆ ಪ್ರದೇಶದ ಸ್ಟಾರ್ಮಂಟ್ ಸದಸ್ಯರು ಆಸ್ಟಿನ್ ಕರ್ರಿ. ಹನ್ನೊಂದು ಮಕ್ಕಳಲ್ಲಿ ಹಿರಿಯರಾಗಿ 1939ರಲ್ಲಿ ಹುಟ್ಟಿ, ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಜಕೀಯಶಾಸ್ತ್ರವನ್ನೂ ಚರಿತ್ರೆಯನ್ನೂ ಓದಿ, 1964ರಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಸಭೆಗೆ ಆರಿಸಿ ಬಂದವರು. 1947ರ ಶಿಕ್ಷಣ ಕಾಯಿದೆಯಿಂದ ಬಡವರ ಮಕ್ಕಳಿಗೆ ಪ್ರೌಢಶಾಲೆಯ ಬಾಗಿಲು ತೆರೆದ ಬಳಿಕ ಬೆಳೆದ ಪೀಳಿಗೆಯವರು. ಸಭೆಯನ್ನು ಬಹಿಷ್ಕರಿಸುವುದರಲ್ಲಿ ಇವರ ಪೀಳಿಗೆಗೆ ಹಿರಿಯರಷ್ಟು ನಂಬಿಕೆಯಿರಲಿಲ್ಲ. ಇರುವ ಸಭೆಯಲ್ಲಿ ನಿಂತು ಇರುವ ಹಕ್ಕನ್ನು ಕೇಳಬೇಕೆಂಬುದು ಅವರ ಮತ. ಕ್ಯಾಲೆಡನ್ನಿನ ವಿಷಯವನ್ನು ಅವರು ಮೊದಲು ಕೌನ್ಸಿಲಿನ ಮುಂದೆ ಎತ್ತಿದರು, ಕೆಲಸವಾಗಲಿಲ್ಲ. ಸ್ಟಾರ್ಮಂಟಿನಲ್ಲಿ ಎತ್ತಿದರು, ಅಲ್ಲಿಯೂ ಆಗಲಿಲ್ಲ. ಇಲ್ಲಿ ವಾಚಕರು ಏಣಿಯ ಮೆಟ್ಟಿಲುಗಳನ್ನು ಗಮನಿಸಬೇಕು. ಲಂಡನ್ನಿನಲ್ಲಿ ಕೇಳಿದರೆ, ಅದು ಸ್ಟಾರ್ಮಂಟಿನ ವಿಷಯ. ಸ್ಟಾರ್ಮಂಟಿನಲ್ಲಿ ಕೇಳಿದರೆ, ಮನೆ ಹಂಚುವುದು ಕೌನ್ಸಿಲಿನ ವಿಷಯ. ಕೌನ್ಸಿಲಿನಲ್ಲಿ ಕೇಳಿದರೆ, ಅಲ್ಲಿ ಕುಳಿತವರೇ ಹಂಚಿದವರು. ಅಧಿಕಾರವು ಮೇಲಿನಿಂದ ಕೆಳಕ್ಕೆ ಇಳಿದು ಬಂದಿತ್ತು. ಹೊಣೆಯಾದರೋ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಇನ್ನೊಂದು ಮೆಟ್ಟಿಲಿನದಾಗಿತ್ತು.

ಜೂನ್ 20ರಂದು ಕರ್ರಿಯವರು ಇಬ್ಬರು ಸಂಗಡಿಗರೊಂದಿಗೆ ಆ ಮನೆಯ ಒಳಹೊಕ್ಕು ಬಾಗಿಲು ಹಾಕಿಕೊಂಡರು. ಕೆಲವು ಗಂಟೆಗಳ ಮೇಲೆ ಪೊಲೀಸರು ಅವರನ್ನು ಹೊರಕ್ಕೆ ತಂದರು. ಸಭೆಯಲ್ಲಿ ಕೇಳಿದಾಗ ಯಾರಿಗೂ ಮುಟ್ಟದ ಪ್ರಶ್ನೆಯನ್ನು ಈಗ ಟೆಲಿವಿಷನ್ನು ಬ್ರಿಟನ್ನಿಗೆಲ್ಲಾ ಮುಟ್ಟಿಸಿತು. ಶಾಸಕನೊಬ್ಬನು ಕಾನೂನನ್ನು ಮುರಿದದ್ದು ಸರಿಯೆ ಎಂದು ನಮ್ಮ ತರಗತಿಯ ಚರ್ಚಾಕೂಟದಲ್ಲಿ ವಾದ ನಡೆಯಿತು. ಕೇಳಲು ಸಭೆಯಿದ್ದವನು ಕೇಳಿಯೇ ಗೆಲ್ಲಬೇಕೆಂದು ಕೆಲವರು ಹೇಳಿದರು. ನನ್ನ ಅಭಿಪ್ರಾಯ ಬೇರೆ. ಅವರು ಕೌನ್ಸಿಲಿನಲ್ಲಿಯೂ ಸ್ಟಾರ್ಮಂಟಿನಲ್ಲಿಯೂ ಕೇಳಿದ ಮೇಲೆಯೇ ಆ ಮನೆಗೆ ಹೋದರು. ಅಲ್ಲಿಂದಲೂ ಯಾರನ್ನೂ ನೋಯಿಸದೆ ಹೊರಬಂದರು. ಸಭೆಯ ಮರ್ಯಾದೆಯನ್ನು ಕಳೆದವರು ಉತ್ತರ ಕೊಡದವರು.

ಮುಂದಿನ ಸಂಗತಿಗಳು ಬೇಗಬೇಗನೆ ನಡೆದುವು. ಆಗಸ್ಟ್ 24ರಂದು ಕೋಲ್‌ಐಲೆಂಡಿನಿಂದ ಡಂಗಾನನ್ನಿಗೆ ನಾಗರಿಕ ಹಕ್ಕುಗಳ ಮೆರವಣಿಗೆ. ಅಕ್ಟೋಬರ್ 5ರಂದು ಡೆರಿಯಲ್ಲಿ ನಿಷೇಧವನ್ನು ಮೀರಿದ ಮೆರವಣಿಗೆ, ಅದರ ಮೇಲೆ ಪೊಲೀಸರ ಲಾಠಿ. ಪೆಟ್ಟು ತಿಂದವರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಪಶ್ಚಿಮ ಬೆಲ್‌ಫಾಸ್ಟಿನ ಸದಸ್ಯರಾಗಿದ್ದ ಜೆರಿ ಫಿಟ್ ಅವರೂ ಇದ್ದರು; ನೋಡಿದವರಲ್ಲಿ ಅದೇ ಪಾರ್ಲಿಮೆಂಟಿನ ಲೇಬರ್ ಸದಸ್ಯರಿದ್ದರು. 1923ರ ಬೀಗ ಇನ್ನು ನಿಲ್ಲುವಂತಿರಲಿಲ್ಲ. ನವೆಂಬರ್ 22ರಂದು ಪ್ರಧಾನಿ ಟೆರೆನ್ಸ್ ಓನೀಲ್ ಅವರು ಸುಧಾರಣೆಗಳನ್ನು ಘೋಷಿಸಿದರು: ಮನೆ ಹಂಚಲು ಅಗತ್ಯವನ್ನಳೆಯುವ ಅಂಕಗಳ ಪದ್ಧತಿ, ದೂರು ವಿಚಾರಿಸುವ ಅಧಿಕಾರಿ, ಕಂಪನಿ ಮತಗಳ ರದ್ದು, ಡೆರಿ ಪುರಸಭೆಯ ಸ್ಥಾನದಲ್ಲಿ ಅಭಿವೃದ್ಧಿ ಆಯೋಗ. ಎಲ್ಲ ವಯಸ್ಕರಿಗೂ ಸ್ಥಳೀಯ ಮತವೆಂಬ ತೀರ್ಮಾನ ಬಂದದ್ದು 1969ರ ಏಪ್ರಿಲಿನಲ್ಲಿ; ಆ ತಿಂಗಳೇ ಓನೀಲರು ರಾಜೀನಾಮೆಯಿತ್ತರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪ್ರಕಟವಾದ ಕ್ಯಾಮರನ್ ಆಯೋಗದ ವರದಿಯು ಗಲಭೆಗೆ ಕಾರಣಗಳಲ್ಲಿ ಅನ್ಯಾಯವಾದ ಮನೆಹಂಚಿಕೆಯನ್ನೂ ಎಣಿಸಿತು. 1971ರಲ್ಲಿ ಮನೆಗಳ ಕೆಲಸವನ್ನು ಕೌನ್ಸಿಲುಗಳಿಂದ ತೆಗೆದು ಹೊಸದೊಂದು ವಸತಿ ಮಂಡಲಿಗೆ ಒಪ್ಪಿಸಿದರು. ಅಷ್ಟರಲ್ಲಿ ಬಂದೂಕುಗಳು ಹೊರಬಿದ್ದಿದ್ದುವು. 1972ರ ಮಾರ್ಚಿನಲ್ಲಿ ಲಂಡನ್ನು ತಾನು ಕೊಟ್ಟಿದ್ದನ್ನು ತಾನೇ ಹಿಂದಕ್ಕೆ ತೆಗೆದುಕೊಂಡಿತು.

ಪ್ರದತ್ತಾಧಿಕಾರವೇ ಕೆಟ್ಟದೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಸ್ಕಾಟ್‌ಲೆಂಡನ್ನು ನೋಡಿ. 1998ರ ಕಾಯಿದೆಯಿಂದ 129 ಸದಸ್ಯರ ಪಾರ್ಲಿಮೆಂಟು 1999ರಲ್ಲಿ ಎಡಿನ್‌ಬರೋದಲ್ಲಿ ಕೂಡಿತು. ಆ ವರ್ಷದ ಅಕ್ಟೋಬರ್ 25ರಂದು ಲಂಡನ್ನಿನ ಕೆಳಮನೆಯು 1923ರ ತೀರ್ಪನ್ನು ಹೋಲುವ ನಿರ್ಣಯವನ್ನೇ ಮಾಡಿತು, ಕೊಟ್ಟ ವಿಷಯಗಳ ಪ್ರಶ್ನೆ ಇಲ್ಲಿ ಬೇಡವೆಂದು. ಬೀಗ ಅದೇ, ಆದರೆ ಒಳಗಿನ ಮನೆ ಬೇರೆ. ಪ್ರಮಾಣಾನುಗುಣದ ಅಂಶವುಳ್ಳ ಚುನಾವಣೆಯಿಂದಾಗಿ 2021ರ ವರೆಗಿನ ಆರು ಚುನಾವಣೆಗಳಲ್ಲಿ ಒಂದೇ ಪಕ್ಷಕ್ಕೆ ಬಹುಮತ ಬಂದದ್ದು ಒಮ್ಮೆ, 2011ರಲ್ಲಿ, 69 ಸ್ಥಾನಗಳೊಡನೆ. ಲಿಖಿತ ಪ್ರಶ್ನೆಗೆ ಸಾಮಾನ್ಯವಾಗಿ ಹತ್ತು ಕೆಲಸದ ದಿನಗಳೊಳಗೆ ಉತ್ತರ ಬರಬೇಕೆಂಬ ನಿಯಮವಿದೆ. ಗುರುವಾರ ಮಧ್ಯಾಹ್ನ ಪ್ರಥಮ ಮಂತ್ರಿಯೇ ನಿಂತು ಉತ್ತರಿಸುವ ಪದ್ಧತಿಯಿದೆ. ಅಲ್ಲಿಯೂ ಎಲ್ಲವೂ ಹಾಲುಜೇನಲ್ಲ. ದ್ವೀಪಗಳಿಗೆ ಹೋಗುವ ಎರಡು ಹಡಗುಗಳನ್ನು 2015ರಲ್ಲಿ 9 ಕೋಟಿ 70 ಲಕ್ಷ ಪೌಂಡಿಗೆ ಕಟ್ಟಲು ಕೊಟ್ಟರು. 2018ರಲ್ಲಿ ಬರಬೇಕಾಗಿದ್ದ ಮೊದಲನೆಯ ಹಡಗು ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2025ರ ಜನವರಿಯಲ್ಲಿ, ಖರ್ಚು ಹಲವು ಪಟ್ಟಾದ ಮೇಲೆ. ಸಾಕಷ್ಟು ಭದ್ರತೆಯಿಲ್ಲದೆ ಒಪ್ಪಂದಕ್ಕೆ ಒಪ್ಪಿದ್ದೇಕೆಂಬುದಕ್ಕೆ ತಕ್ಕ ದಾಖಲೆ ಸಿಕ್ಕಲಿಲ್ಲವೆಂದು ಲೆಕ್ಕತಪಾಸಣೆಯವರು 2022ರ ಮಾರ್ಚಿನಲ್ಲಿ ಹೇಳಿದರು. ಸಭೆಯಲ್ಲಿ ವಾರವಾರವೂ ಅದೇ ಪ್ರಶ್ನೆ ಎದ್ದಿತು. ಮೇ ತಿಂಗಳಲ್ಲಿ ಕಾಣೆಯಾಗಿದ್ದ ಒಂದು ಕಾಗದ ಸಿಕ್ಕಿತು. ಕೇಳುವವರು ಬಿಡದಿದ್ದರೆ ಕಾಗದಗಳು ಸಿಕ್ಕುತ್ತವೆ. ಹಡಗು ಮಾತ್ರ ಬೇಗ ಬರುವುದಿಲ್ಲ.

1998ರ ಒಪ್ಪಂದದ ಬಳಿಕ ಸ್ಟಾರ್ಮಂಟಿನಲ್ಲಿಯೂ ಹೊಸ ಸಭೆ ಬಂದಿದೆ. ಎರಡು ಪಂಗಡಗಳೂ ಸೇರಿಯೇ ಆಳಬೇಕೆಂಬುದು ಅದರ ಕಟ್ಟಳೆ. ಹಿಂದಿನ ರೋಗಕ್ಕೆ ಇದು ಮದ್ದು. ಆದರೆ ಮದ್ದಿಗೂ ತನ್ನದೇ ಆದ ಪಥ್ಯವಿದೆ. ಒಂದು ಪಂಗಡ ಹೊರನಡೆದರೆ ಮಂತ್ರಿಮಂಡಲವೇ ನಿಲ್ಲುತ್ತದೆ. ಕಟ್ಟಿಗೆಯ ಗುಳಿಗೆ ಉರಿಸಿ ಕಾವು ಪಡೆಯುವವರಿಗೆ ಸಹಾಯಧನ ಕೊಡುವ ಯೋಜನೆಯೊಂದು ಅಲ್ಲಿ 2012ರಲ್ಲಿ ಮೊದಲಾಗಿತ್ತು. ಉರುವಲಿನ ಬೆಲೆಗಿಂತ ಸಹಾಯಧನ ಹೆಚ್ಚು, ಅದಕ್ಕೆ ಮಿತಿಯೂ ಇಲ್ಲ. ಹೆಚ್ಚು ಉರಿಸಿದಷ್ಟೂ ಲಾಭ! 2016ರ ಡಿಸೆಂಬರಿನಲ್ಲಿ ಪ್ರಥಮ ಮಂತ್ರಿಯು ಸಭೆಯಲ್ಲಿ ಹೇಳಿಕೆ ಕೊಡಲು ಎದ್ದಾಗ ಇತರ ಪಕ್ಷದವರೆಲ್ಲ ಎದ್ದು ಹೋದರು. 2017ರ ಜನವರಿಯಲ್ಲಿ ಉಪಪ್ರಥಮ ಮಂತ್ರಿಯು ರಾಜೀನಾಮೆಯಿತ್ತರು. ಅಲ್ಲಿಂದ ಮೂರು ವರ್ಷ, 2020ರ ಜನವರಿಯವರೆಗೆ, ಆ ನಾಡಿನಲ್ಲಿ ಪ್ರಶ್ನೆಗೆ ಎದ್ದುನಿಲ್ಲುವ ಮಂತ್ರಿಯೇ ಇರಲಿಲ್ಲ. 2022ರಿಂದ 2024ರ ವರೆಗೆ ಮತ್ತೆ ಅದೇ ಸ್ಥಿತಿ. ಆಸ್ಪತ್ರೆಯಲ್ಲಿ ಕಾಯುವವರ ಸಾಲು ಮಾತ್ರ ಆ ವರ್ಷಗಳಲ್ಲಿ ರಜಾ ತೆಗೆದುಕೊಳ್ಳಲಿಲ್ಲ.

ಕರ್ರಿಯವರ ಕಥೆಯ ಉಳಿದ ಭಾಗವನ್ನು ಹೇಳಬೇಕು. 1971ರ ಆಗಸ್ಟಿನಲ್ಲಿ ಸರ್ಕಾರವು ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಡತೊಡಗಿದಾಗ, ಸರ್ಕಾರಿ ಮನೆಗಳ ಬಾಡಿಗೆಯನ್ನೂ ಕಂದಾಯವನ್ನೂ ಕೊಡಬೇಡಿರೆಂದು ಕರೆಯಿತ್ತ ಮುಂದಾಳುಗಳಲ್ಲಿ ಅವರೂ ಒಬ್ಬರು. 1974ರ ಜನವರಿ 1ರಂದು ಎರಡು ಪಂಗಡಗಳ ಮೊದಲನೆಯ ಕೂಡು ಮಂತ್ರಿಮಂಡಲ ಬಂದಿತು. ಅದರಲ್ಲಿ ವಸತಿ ಮತ್ತು ಸ್ಥಳೀಯಾಡಳಿತದ ಮಂತ್ರಿಯಾದವರು ಇದೇ ಆಸ್ಟಿನ್ ಕರ್ರಿ. ಆರು ವರ್ಷದ ಹಿಂದೆ ಮನೆಯ ಬಗ್ಗೆ ಕೇಳಿ ಬೀದಿಗೆ ಬಿದ್ದವರು ಈಗ ಮನೆಯ ಬಗ್ಗೆ ಉತ್ತರ ಹೇಳುವ ಪೀಠದಲ್ಲಿ ಕುಳಿತರು. ಬಾಡಿಗೆ ನಿಲ್ಲಿಸಿದ್ದವರು ಇನ್ನೂ ನಿಲ್ಲಿಸಿಯೇ ಇದ್ದರು. ಬಾಕಿಯ ವಸೂಲಿಗೆ ಅವರ ಮೇಲೆ ಹೆಚ್ಚಿನ ಶುಲ್ಕ ಹೇರುವ ಆಜ್ಞೆ ಕರ್ರಿಯವರಿಂದಲೇ ಹೊರಟಿತು. ತಮ್ಮವರೇ ಅವರನ್ನು ಕೇಳಿದರು, ಕರೆಯಿತ್ತವರು ನೀವೇ ಅಲ್ಲವೆ ಎಂದು. ಆ ಪ್ರಶ್ನೆಯನ್ನು ಅವರು ಕುಳಿತು ಕೇಳಬೇಕಾಯಿತು. ಮೇ 15ರಿಂದ ಯೂನಿಯನಿಸ್ಟ್ ಕೆಲಸಗಾರರು ಹೂಡಿದ ಮುಷ್ಕರದಿಂದ ವಿದ್ಯುತ್ತು ನಿಂತಿತು, ರಸ್ತೆಗಳು ಮುಚ್ಚಿದುವು. 28ರಂದು ಮಂತ್ರಿಮಂಡಲ ಬಿದ್ದಿತು. ವಸತಿಯ ಕಡತಗಳು ಮತ್ತೆ ಲಂಡನ್ನಿನ ಅಧೀನಕ್ಕೆ ಹೋದುವು. 1989ರಲ್ಲಿ ಕರ್ರಿಯವರು ಗಡಿಯಾಚೆ ಡಬ್ಲಿನ್ನಿನ ಪಾರ್ಲಿಮೆಂಟಿಗೆ ಆರಿಸಿ ಬಂದರು, ಮತ್ತೆ ವಿರೋಧಪಕ್ಷದ ಸಾಲಿಗೆ, ಮತ್ತೆ ಪ್ರಶ್ನೆ ಕೇಳಲು.